ಸುಷ್ಮಾ ಸ್ವರಾಜ್ ಪರವಾಗಿ ನಾನ್ಯಾಕೆ ಬರೀತಿದೀನಿ



ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನದಿಂದ ಒಂದೇ ಮಾತು. 'ಅವರು ಸಾಕಿದ ನಾಯಿ ಅವರನ್ನೇ ಕಚ್ತಾ ಇದೆ, ನೋಡ್ತಾ ಕೂತ್ಕೊಳ್ಳೋಣ.' ನನಗೂ ಮೊದಲ ದಿನ ನಗು ಬಂತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಆ ಟ್ವೀಟುಗಳನ್ನು ಒಂದೊಂದಾಗಿ ಓದಿದೆ. ನಗು ನಿಂತಿತು.

ಮೊದಲು ನನ್ನ ಲೆಕ್ಕ ಚುಕ್ತಾ ಮಾಡ್ತೀನಿ. 2016ರ ಜನವರಿಯಲ್ಲಿ ರೋಹಿತ್ ವೇಮುಲ ತೀರಿಕೊಂಡ ಎರಡೇ ವಾರಕ್ಕೆ, ಆ ಹುಡುಗ ದಲಿತನೇ ಅಲ್ಲ ಅಂತ ಹೇಳಿಕೆ ಕೊಟ್ಟವರು ಇದೇ ಸುಷ್ಮಾ ಸ್ವರಾಜ್. ಮಗನನ್ನು ಕಳಕೊಂಡ ತಾಯಿಯ ಜಾತಿ ಸರ್ಟಿಫಿಕೇಟ್ ಹುಡುಕೋಕೆ ಹೊರಟವರ ಜೊತೆ ನಿಂತರು. ಭಗವದ್ಗೀತೆಯನ್ನು ರಾಷ್ಟ್ರೀಯ ಗ್ರಂಥ ಮಾಡಿ ಅಂದವರೂ ಇವರೇ. ನಮ್ಮ ಬಳ್ಳಾರಿಗಂತೂ ಇವರು ಹೊಸಬರಲ್ಲ. 1999ರಲ್ಲಿ ಸೋನಿಯಾ ವಿರುದ್ಧ ನಿಂತು ಕನ್ನಡದಲ್ಲಿ ಭಾಷಣ ಮಾಡಿ ಸೋತರು. ಆಮೇಲೂ ವರ್ಷ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬಂದರು. ರೆಡ್ಡಿ ಸಹೋದರರ ತಲೆ ಮೇಲೆ ಕೈಯಿಟ್ಟ ಫೋಟೊ ಗಣಿಧೂಳು ತಿಂದ ಯಾರೂ ಮರೆತಿಲ್ಲ. ಇದ್ಯಾವುದನ್ನೂ ನಾನು ಮಾಫಿ ಮಾಡ್ತಿಲ್ಲ.

2018ರ ಜೂನ್‌ನಲ್ಲಿ ಆಗಿದ್ದೇನು? ಲಖನೌದಲ್ಲಿ ಒಬ್ಬ ಹೆಣ್ಣುಮಗಳು ಮುಸ್ಲಿಂ ಗಂಡನ ಜೊತೆ ಪಾಸ್‌ಪೋರ್ಟ್ ಮಾಡಿಸೋಕೆ ಹೋದಳು. ಮದುವೆಯಾದ ಮೇಲೂ ಹೆಸರು ಯಾಕೆ ಬದಲಾಯಿಸಿಲ್ಲ, ಗಂಡ ಯಾಕೆ ಧರ್ಮ ಬದಲಾಯಿಸಬಾರದು ಅಂತ ಅಲ್ಲಿನ ಅಧಿಕಾರಿ ಕೇಳಿದರು ಅನ್ನೋದು ದಂಪತಿಯ ದೂರು. ಅಧಿಕಾರಿ ಅದನ್ನು ಅಲ್ಲಗಳೆದಿದ್ದಾರೆ. ಮರುದಿನವೇ ಪಾಸ್‌ಪೋರ್ಟ್ ಬಂತು, ಅಧಿಕಾರಿಗೆ ವರ್ಗಾವಣೆಯಾಯ್ತು. ವಿಚಾರಣೆ ಮಾಡದೆ ವರ್ಗ ಮಾಡಿದ್ದು ಸರಿಯಾ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಕೇಳಲಿ. ಆದರೆ ಜೂನ್ 17ರಿಂದ 23ರವರೆಗೆ ಸಚಿವೆ ದೇಶದಲ್ಲೇ ಇರಲಿಲ್ಲ. ಅವರದೇ ಪಕ್ಷದ ಬೆಂಬಲಿಗರಿಗೆ ಅದೂ ಬೇಕಾಗಿರಲಿಲ್ಲ.

ಅವರು ಹಿಡಕೊಂಡದ್ದು ಆಕೆಯ ಕಿಡ್ನಿಯನ್ನು! 2016ರ ಡಿಸೆಂಬರ್‌ನಲ್ಲಿ ಏಮ್ಸ್‌ನಲ್ಲಿ ಅವರಿಗೆ ಕಿಡ್ನಿ ಕಸಿ ಆಗಿತ್ತು. ಅದು 'ಇಸ್ಲಾಮಿಕ್ ಕಿಡ್ನಿ', ಅದಕ್ಕೇ ಬುದ್ಧಿ ಹೀಗಾಗಿದೆ ಅಂತ ಬರೆದರು. ಆಪರೇಷನ್‌ಗೆ ಮೊದಲು ಮುಸ್ಲಿಮರು ಕಿಡ್ನಿ ಕೊಡ್ತೀವಿ ಅಂತ ಮುಂದೆ ಬಂದಾಗ, ಕಿಡ್ನಿಗೆ ಧರ್ಮದ ಹಣೆಪಟ್ಟಿ ಇರೋದಿಲ್ಲ ಅಂತ ಉತ್ತರ ಕೊಟ್ಟವರು ಸುಷ್ಮಾ. ಆ ಮಾತಿಗೆ ಈಗ ಹೀಗೆ ಸೇಡು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಒಂದು ಅಂಗ ಮೈಯೊಳಗೆ ಹೋದ್ರೆ ಮನುಷ್ಯಳೇ ಮೈಲಿಗೆ ಆಗ್ತಾಳೆ ಅನ್ನೋ ತರ್ಕ ನಮಗೆ ಹೊಸದಾ? ನಾವು ಮುಟ್ಟಿದ ಕೊಡಪಾನ, ನಾವು ಇಳಿದ ಕೆರೆ, ನಮ್ಮ ನೆರಳು, ಎಲ್ಲದಕ್ಕೂ ಇದೇ ತರ್ಕ. ನಮ್ಮಜ್ಜಿಗೆ ಹೋಟೆಲಿನಲ್ಲಿ ತೆಂಗಿನ ಚಿಪ್ಪಲ್ಲಿ ಟೀ ಕೊಡ್ತಿದ್ರು. ಆ ಚಿಪ್ಪನ್ನು ಕೊಟ್ಟ ಕೈಯೇ ಈಗ ಟ್ವೀಟ್ ಮಾಡ್ತಾ ಇದೆ. ಎದುರಿಗಿದ್ದದ್ದು ಕೇಂದ್ರ ಸಚಿವೆ ಅಂತ ಗೊತ್ತಿದ್ದೂ ಹಿಂಜರಿಯಲಿಲ್ಲ ಅಂದ್ರೆ, ಹೆಸರಿಲ್ಲದ ಊರಿನ ನಮ್ಮ ಹುಡುಗಿಗೆ ಏನು ಮಾಡ್ತಾರೆ?

ಇನ್ನೊಬ್ಬನಂತೂ ಗಂಡನಿಗೇ ಸಲಹೆ ಕೊಟ್ಟ, ಮನೆಗೆ ಬಂದ ತಕ್ಷಣ ನಾಲ್ಕು ಬಾರಿಸಿ ಅಂತ. ಆಗ 66 ವರ್ಷದ ಹೆಂಗಸು! ಸ್ವರಾಜ್ ಕೌಶಲ್ ಅದಕ್ಕೆ ಬೈಗುಳದಲ್ಲಿ ಉತ್ತರ ಕೊಡಲಿಲ್ಲ. ತಮ್ಮ ತಾಯಿ ಕ್ಯಾನ್ಸರಿನಲ್ಲಿ ಮಲಗಿದ್ದಾಗ ಸುಷ್ಮಾ ಆಸ್ಪತ್ರೆಯಲ್ಲೇ ಉಳಿದು ಆರೈಕೆ ಮಾಡಿದ್ದನ್ನು ನೆನೆಸಿಕೊಂಡು ಬರೆದರು.

ಅಂತರ್ಜಾತಿ ಮದುವೆಯೇ ಜಾತಿಗೆ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದಿಟ್ಟರು. ಇಷ್ಟಪಟ್ಟವನನ್ನು ಮದುವೆಯಾಗಿ, ತನ್ನ ಹೆಸರನ್ನೂ ಉಳಿಸಿಕೊಂಡು ಸರ್ಕಾರಿ ಕೌಂಟರಿನ ಮುಂದೆ ನಿಂತ ಹೆಣ್ಣಿನ ವಿಷಯ ನಮ್ಮ ವಿಷಯ ಅಲ್ವಾ? ಪಾಸ್‌ಪೋರ್ಟಿಗೆ ಮದುವೆ ಸರ್ಟಿಫಿಕೇಟ್ ಬೇಡ ಅಂತ ನಿಯಮ ಸಡಿಲ ಮಾಡಿದ್ದೂ ಸುಷ್ಮಾ ಸಚಿವೆಯಾಗಿದ್ದಾಗಲೇ. ಮಾಡಿದ ಕೆಲಸವನ್ನು ಮಾಡಿದ್ದಾರೆ ಅಂತ ಹೇಳೋಕೆ ನಮಗೇನು ನಷ್ಟ?

ಆಕೆಯ ಸಹೋದ್ಯೋಗಿಗಳು ವಾರದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ರು. ಮೊದಲು ಆಕೆಯ ಪರ ಮಾತಾಡಿದ್ದು ಕಾಂಗ್ರೆಸ್ ಅನ್ನೋದು ತಮಾಷೆಯೋ ದುರಂತವೋ ನೀವೇ ಹೇಳಿ. ರಾಜನಾಥ್ ಸಿಂಗ್, ಗಡ್ಕರಿ ಆಮೇಲೆ ತಪ್ಪು ಅಂದರು. ಅಷ್ಟರಲ್ಲಿ ಆಕೆ ಟ್ವಿಟರಿನಲ್ಲೇ ಮತ ಕೇಳಿಯಾಗಿತ್ತು, ಇಂಥ ಟ್ವೀಟುಗಳನ್ನು ಒಪ್ತೀರಾ ಅಂತ. 1,24,305 ಮತ ಬಿತ್ತು. ಅದರಲ್ಲಿ 43 ಪರ್ಸೆಂಟ್ ಹೌದು! ಅಂದ್ರೆ 53 ಸಾವಿರ ಚಿಲ್ಲರೆ ಜನ ಬಟನ್ ಒತ್ತಿ ಹೌದು ಅಂದಿದ್ದಾರೆ.

ಈ ಸೈನ್ಯವನ್ನು ಕಟ್ಟುವಾಗ ನೀವೆಲ್ಲಿದ್ರಿ ಅಂತ ಸುಷ್ಮಾ ಅವರನ್ನು ಆಗ ನಾನೂ ಕೇಳಿದೆ, ಬಿಡಲಿಲ್ಲ. ರೋಹಿತ್ ಬಗ್ಗೆ ಆಡಿದ ಮಾತು ವಾಪಸ್ ತಗೊಳ್ಳಿ ಅಂತಲೂ ಕೇಳ್ತಾನೇ ಇದ್ದೆ. ಆದ್ರೆ ಆ ಕಿಡ್ನಿ ಜೋಕನ್ನು ನಮ್ಮ ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿದ ಅಣ್ಣಂದಿರು ದಯವಿಟ್ಟು ಡಿಲೀಟ್ ಮಾಡಿ. ಇವತ್ತು ರಾತ್ರಿಯೊಳಗೆ.