‘ಪಾಸ್‌ವರ್ಡ್ ಸೋರಿಕೆ’ ಅಂತ ಎಚ್ಚರಿಕೆ ಬಂತಾ? ಅಳಿಸಿದರೆ ಸಾಲದು, ಬೀಗವನ್ನೇ ಬದಲಿಸಿ

ಹೊಸಪೇಟೆ: ಕ್ರೋಮ್ ಬ್ರೌಸರ್‌ನಲ್ಲಿ ಲಾಗಿನ್ ಆದ ಕೂಡಲೇ ‘ನಿಮ್ಮ ಪಾಸ್‌ವರ್ಡ್ ಡೇಟಾ ಸೋರಿಕೆಯಲ್ಲಿ ಪತ್ತೆಯಾಗಿದೆ’ ಎಂಬ ಎಚ್ಚರಿಕೆ ಬರುವುದುಂಟು. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ‘ಓಕೆ’ ಒತ್ತಿ ಮರೆತುಬಿಡೋದು ಸುಲಭ. ಅಲ್ಲೇ ಇರೋದು ಅಪಾಯ.

ಸೋರಿಕೆ ಅನ್ನೋದು ದೂರದ ಮಾತಲ್ಲ. ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಕಳುವಾದ ಸುದ್ದಿ 2020ರ ನವೆಂಬರ್‌ನಲ್ಲಿ ಹೊರಬಂತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗತೊಡಗಿತು. ಪಾಸ್‌ವರ್ಡ್‌ಗಳು ಗುಪ್ತ ರೂಪದಲ್ಲಿದ್ದವು ನಿಜ. ಆದರೆ ಹೆಸರು, ಹುಟ್ಟಿದ ವರ್ಷ, 123 ಇಂಥ ಸುಲಭದ ಪಾಸ್‌ವರ್ಡ್‌ಗಳನ್ನು ಕಂಪ್ಯೂಟರ್ ಊಹಿಸಿಯೇ ಬಿಡಿಸುತ್ತದೆ.

‘ಕಿರಾಣಿ ಆ್ಯಪ್‌ನ ಪಾಸ್‌ವರ್ಡ್ ಹೋದರೆ ನಮಗೇನು’ ಅನ್ನಬಹುದು. ಅದೇ ಪಾಸ್‌ವರ್ಡ್ ಜಿಮೇಲ್‌ಗೂ ಇದ್ದರೆ ಕಥೆ ಬೇರೆ. ಒಂದು ಕಡೆ ಸಿಕ್ಕ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಕಳ್ಳರು ಸಾಫ್ಟ್‌ವೇರ್ ಹಾಕಿ ನೂರಾರು ಕಡೆ ಪ್ರಯತ್ನಿಸುತ್ತಾರೆ. ಜಿಮೇಲ್ ತೆರೆದರೆ ‘ಪಾಸ್‌ವರ್ಡ್ ಮರೆತಿದೆ’ ಒತ್ತಿ ಉಳಿದ ಖಾತೆಗಳನ್ನೂ ಒಂದೊಂದಾಗಿ ತೆಗೆಯಬಹುದು. ಹೊಸಪೇಟೆ ವ್ಯಾಪಾರಿಯ ಜಿಎಸ್‌ಟಿ ಖಾತೆ, ಕಂಪ್ಲಿಯ ಭತ್ತದ ವ್ಯಾಪಾರಿಯ ಬಿಲ್ಲು, ಸಂಡೂರಿನ ಲಾರಿ ಮಾಲೀಕರ ಪತ್ರ ವ್ಯವಹಾರ ಎಲ್ಲ ಒಂದೇ ಇಮೇಲ್‌ಗೆ ಕಟ್ಟಿಕೊಂಡಿರುತ್ತವೆ.

ಹಂಪಿಯ ಹೋಂಸ್ಟೇ ಮಾಲೀಕರು ಇನ್ನೊಂದನ್ನು ಗಮನಿಸಬೇಕು. 2023ರಲ್ಲಿ ಹಲವು ದೇಶಗಳಲ್ಲಿ ಬುಕಿಂಗ್ ಡಾಟ್ ಕಾಮ್‌ನಲ್ಲಿರುವ ಹೋಟೆಲ್‌ಗಳ ಲಾಗಿನ್ ಕದ್ದು, ಹೋಟೆಲ್‌ನವರ ಹೆಸರಲ್ಲೇ ಅತಿಥಿಗಳಿಂದ ಹಣ ಕೇಳಿದ್ದರು. ದುಡ್ಡು ಹೋಗೋದು ಅತಿಥಿಯದು, ಹೆಸರು ಕೆಡೋದು ಮಾಲೀಕರದು.

ನೋಡೋದು ಹೇಗೆ?

ಪರದೆ ಮೇಲೆ ಬಂದ ಎಚ್ಚರಿಕೆಯನ್ನು ಒತ್ತಬೇಡಿ, ನಕಲಿಯೂ ಇರಬಹುದು. ನೀವೇ ಕ್ರೋಮ್ ತೆರೆದು ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್’, ಅದರೊಳಗೆ ‘ಚೆಕಪ್’ಗೆ ಹೋಗಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಲ್ಲಿ ಸೋರಿದವು, ಎರಡು ಮೂರು ಕಡೆ ಬಳಸಿದವು, ದುರ್ಬಲವಾದವು ಬೇರೆ ಬೇರೆಯಾಗಿ ಕಾಣುತ್ತವೆ. ಇದಕ್ಕೆ ಶುಲ್ಕವಿಲ್ಲ.

ಇಲ್ಲೇ ತಪ್ಪಾಗೋದು. ಆ ಪಟ್ಟಿಯಿಂದ ಪಾಸ್‌ವರ್ಡ್ ಅಳಿಸಿದರೆ ಎಚ್ಚರಿಕೆ ಹೋಗುತ್ತದೆ, ಅಪಾಯ ಹೋಗಲ್ಲ. ಬೀಗದ ಕೈ ಎಸೆದ ಮಾತ್ರಕ್ಕೆ ಬೀಗ ಬದಲಾಗುವುದಿಲ್ಲ, ಕಳ್ಳನ ಹತ್ತಿರ ನಕಲಿ ಕೈ ಇದ್ದೇ ಇರುತ್ತದೆ. ಆಯಾ ವೆಬ್‌ಸೈಟಿಗೆ ಹೋಗಿಯೇ ಪಾಸ್‌ವರ್ಡ್ ಬದಲಿಸಬೇಕು. ಮೊದಲು ಜಿಮೇಲ್, ಆಮೇಲೆ ಬ್ಯಾಂಕ್ ಮತ್ತು ಜಿಎಸ್‌ಟಿ, ಕೊನೆಗೆ ಉಳಿದವು. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇರಲಿ. ಕ್ರೋಮ್ ತಾನೇ ಸೂಚಿಸುವ ಉದ್ದದ ಪಾಸ್‌ವರ್ಡ್ ಒಪ್ಪಿಕೊಂಡರೆ ನೆನಪಿಡುವ ಗೋಜಿಲ್ಲ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕುವುದು ಕಡ್ಡಾಯ ಅಂದುಕೊಳ್ಳಿ.

ಮಿತಿಯೂ ಇದೆ

ಚೆಕಪ್‌ನಲ್ಲಿ ಏನೂ ಕಾಣದಿದ್ದರೆ ಪೂರ್ತಿ ಸುರಕ್ಷಿತ ಅಂತ ಅಲ್ಲ. ಈವರೆಗೆ ಗೊತ್ತಾದ ಸೋರಿಕೆಗಳನ್ನಷ್ಟೇ ಅದು ಹೇಳಬಲ್ಲದು. ನೆಟ್ ಸೆಂಟರ್‌ನಲ್ಲಾಗಲಿ, ನಾಲ್ಕು ಜನ ಬಳಸುವ ಅಂಗಡಿ ಕಂಪ್ಯೂಟರ್‌ನಲ್ಲಾಗಲಿ ‘ಸೇವ್ ಪಾಸ್‌ವರ್ಡ್’ ಒತ್ತಲೇಬೇಡಿ. ಕಂಪ್ಯೂಟರ್‌ಗೆ ವೈರಸ್ ಹೊಕ್ಕರೆ ಬ್ರೌಸರ್‌ನಲ್ಲಿ ಉಳಿಸಿದ್ದನ್ನೂ ಕದಿಯಬಲ್ಲದು. ಅನುಮಾನ ಬಂದರೆ ಬೇರೆ ಮೊಬೈಲ್‌ನಿಂದಲೇ ಪಾಸ್‌ವರ್ಡ್ ಬದಲಿಸಿ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ ಆದರೂ ಈ ಸಹಾಯವಾಣಿ ದೇಶಕ್ಕೆಲ್ಲ ಒಂದೇ.