ಸಸಿ ನೆಟ್ಟ ಮರುದಿನ

ಜೂನ್ 5 ಬಂತೆಂದರೆ ಮಲೆನಾಡಿನ ಕಾಲೇಜುಗಳಲ್ಲಿ ಗುಂಡಿ ತೋಡುವ ಸಂಭ್ರಮ. ಅತಿಥಿಗಳು ಸಸಿಗೆ ನೀರೆರೆಯುತ್ತಾರೆ, ಭಾಷಣ ಮಾಡುತ್ತಾರೆ, ಹೊರಡುತ್ತಾರೆ. ಬರುವ ಬೇಸಿಗೆಯಲ್ಲಿ ಆ ಸಸಿಗೆ ನೀರುಣಿಸುವ ಹೊಣೆ ಯಾರದೆಂಬುದು ಯಾವ ಕಡತದಲ್ಲಿಯೂ ಇರುವುದಿಲ್ಲ. ಪರಿಸರದ ಕಾಳಜಿ ವ್ಯಕ್ತಿಗಳಲ್ಲಿ ಹುಟ್ಟುತ್ತದೆ, ನಿಜ. ಆದರೆ ಸಂಸ್ಥೆಯು ಅದನ್ನು ತನ್ನ ನಿತ್ಯದ ಕಾರ್ಯವೆಂದು ಒಪ್ಪಿ ಜನ, ಹಣ, ಜಾಗಗಳನ್ನು ಮೀಸಲಿಡದಿದ್ದರೆ, ಆ ಕಾಳಜಿ ಒಬ್ಬ ಉಪನ್ಯಾಸಕರ ವರ್ಗಾವಣೆಯೊಂದಿಗೇ ಊರು ಬಿಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಾಹರಣೆ ಇಲ್ಲಿ ಸ್ಮರಣೀಯ. ಅಲ್ಲಿ ವಿದ್ಯುತ್‌ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಘಟಕವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಸಂಸ್ಥೆ ವಿಸ್ತರಣಾ ಕೇಂದ್ರವನ್ನೇ ತೆರೆಯಿತು. ವಿಜ್ಞಾನಿಗಳು ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಯ ಸೌದೆಯ ಖರ್ಚನ್ನು, ಅದಕ್ಕಾಗಿ ಹೆಂಗಸರು ನಡೆಯುವ ದಾರಿಯನ್ನು ಅಳೆದರು. ಹೊಗೆಯನ್ನು ಕೊಳವೆಯಿಂದ ಹೊರಗಟ್ಟಿ ಸೌದೆ ಉಳಿಸುವ ‘ಅಸ್ತ್ರ ಒಲೆ’ ಇಂಥ ಪ್ರಯತ್ನಗಳ ಫಲ.

ಅದೇ ಸೀಮೆಯ ಪುರ ಎಂಬ ಗ್ರಾಮದ ಕಥೆ ಇನ್ನೂ ಬೋಧಪ್ರದವಾದುದು. ಸಗಣಿಯ ಅನಿಲದಿಂದ ಊರಿಗೆಲ್ಲ ಅಡುಗೆ ಮಾಡಿಸುವ ಮೊದಲ ಯೋಜನೆ ವಿಫಲವಾಯಿತು. ಎಲ್ಲ ಮನೆಗಳಿಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಸರ್ಕಾರಿ ಯೋಜನೆಯಾಗಿದ್ದರೆ ಬಹುಶಃ ಅಲ್ಲಿಗೇ ಕಡತ ಮುಚ್ಚುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. 1987ರಿಂದ ಅದೇ ಅನಿಲವನ್ನು ಎಂಜಿನ್‌ಗೆ ಹರಿಸಿ, ಅದರ ವಿದ್ಯುತ್ತಿನಿಂದ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ ಗೊಬ್ಬರ ಮರಳಿ ದೊರೆಯಿತು. ಆ ಸ್ಥಾವರವೂ ಶಾಶ್ವತವಾಗಿ ಉಳಿಯಲಿಲ್ಲವೆನ್ನುವುದು ಸತ್ಯ. ಆದರೆ ಸೋತ ಮೇಲೂ ಅದೇ ಊರಿನಲ್ಲಿ ಕುಳಿತು ಮತ್ತೆ ಯೋಚಿಸುವ ವ್ಯವಧಾನ ಸಂಸ್ಥೆಯ ಬೆಂಬಲವಿಲ್ಲದೆ ಯಾರಿಗೂ ದೊರೆಯುವಂತಹುದಲ್ಲ. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ‘ಅಸ್ತ್ರ’ವು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಇಂದಿಗೂ ಅದೇ ಆವರಣದಲ್ಲಿದೆ.

ಕಂಪನಿಗಳ ವಿಷಯದಲ್ಲಿ ಸಂಶಯ ಹೆಚ್ಚು, ಅದು ಸಹಜವೂ ಹೌದು. ಆದರೂ ಇನ್ಫೋಸಿಸ್ ಹೈದರಾಬಾದಿನಲ್ಲಿ ಮಾಡಿದ ಪ್ರಯೋಗ ಗಮನಾರ್ಹ. ಒಂದೇ ಕಟ್ಟಡದ ಅರ್ಧಕ್ಕೆ ವಾಡಿಕೆಯ ಹವಾನಿಯಂತ್ರಣ, ಇನ್ನರ್ಧಕ್ಕೆ ಕೊಳವೆಗಳಲ್ಲಿ ಹರಿಯುವ ತಣ್ಣೀರಿನ ತಂಪು. ಎರಡನೆಯದಕ್ಕೆ ತಗಲಿದ ವಿದ್ಯುತ್ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮೇಲಿನವರ ಒಪ್ಪಿಗೆಯಿಲ್ಲದೆ ಯಾವ ಎಂಜಿನಿಯರನಿಗೂ ಕಟ್ಟಡವನ್ನು ಹೀಗೆ ಎರಡಾಗಿ ಸೀಳುವ ಧೈರ್ಯ ಬಾರದು. 2008ರಿಂದ 2020ರೊಳಗೆ ತಲಾ ವಿದ್ಯುತ್ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದೂ, 2020ರಲ್ಲಿ ತಾನು ಇಂಗಾಲ ಸಮತೋಲ ಸಾಧಿಸಿದೆನೆಂದೂ ಆ ಕಂಪನಿ ಹೇಳಿದೆ. ‘ತಲಾ’ ಎಂಬ ಪದವನ್ನು ಮಾತ್ರ ಎಚ್ಚರದಿಂದ ಓದಬೇಕು: ತಲೆಗಳೂ ಈ ನಡುವೆ ಬಹಳ ಹೆಚ್ಚಿವೆ. ಆ ಸಮತೋಲದ ಒಂದು ಪಾಲು ಹಳ್ಳಿಯ ಮನೆಗಳಿಗೆ ಒದಗಿಸಿದ ಸುಧಾರಿತ ಒಲೆ, ಗೋಬರ್ ಅನಿಲಗಳಿಂದ ಬಂದದ್ದು. ಹೊಗೆಯಿಲ್ಲದ ಅಡುಗೆಮನೆ ಒಳ್ಳೆಯದೇ. ಆದರೆ ಆ ಒಲೆ ಹತ್ತು ವರ್ಷದ ನಂತರ ಒಡೆದರೆ ದುರಸ್ತಿ ಮಾಡುವವರು ಯಾರೆಂಬುದು ಕರಾರಿನಲ್ಲಿರಬೇಕಾದ ಸಂಗತಿ.

ಈ ವರ್ಷವೂ ಸಸಿ ನೆಡಲು ಕರೆ ಬರುತ್ತದೆ. ಹೋಗುವ ವಿದ್ಯಾರ್ಥಿಗಳು ಗುಂಡಿಯ ಬಳಿ ನಿಂತು ಪ್ರಾಂಶುಪಾಲರನ್ನು ವಿನಯದಿಂದ ಕೇಳಲಿ: ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ತಿಂಗಳಿಗೆ ಎಷ್ಟು ಸೌದೆ ಉರಿಯುತ್ತದೆ, ಅದು ಯಾವ ಕಾಡಿನಿಂದ ಬರುತ್ತದೆ, ಅದನ್ನು ಯಾರು ಬರೆದಿಡುತ್ತಾರೆ?