ಅಂಕಪಟ್ಟಿಯಲ್ಲಿ ಮನೆಯ ಪಾಲೆಷ್ಟು?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ಕೆಲವರು ಬುದ್ಧಿವಂತರೆಂದೂ ಉಳಿದವರು ದಡ್ಡರೆಂದೂ ತೀರ್ಪು ನೀಡಲು ಸಮಾಜವು ಆತುರಪಡುತ್ತದೆ. ಆ ಅಂಕಗಳಲ್ಲಿ ಮಗುವಿನ ಪರಿಶ್ರಮವೆಷ್ಟು, ಮನೆಯ ಪಾಲೆಷ್ಟು ಎಂದು ಯೋಚಿಸುವವರು ವಿರಳ.

1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತವರ ತಂಡವು ಸುಮಾರು 6 ಲಕ್ಷ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ ವರದಿ ನೀಡಿತು. ಶಾಲೆಯ ಕಟ್ಟಡ, ಸಲಕರಣೆಗಳಿಗಿಂತಲೂ ಕುಟುಂಬದ ಹಿನ್ನೆಲೆಯೇ ಕಲಿಕೆಯ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆಂಬುದು ಅದರ ನಿರ್ಣಯವಾಗಿತ್ತು. ಸರಕಾರಿ ಶಾಲೆಗಳಿಗೆ ಹಣ ಸುರಿದು ಪ್ರಯೋಜನವಿಲ್ಲ ಎನ್ನುವವರಿಗೆ ಇಂತಹ ಮಾತು ಬಲು ಪ್ರಿಯ. ಆದರೆ ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಶಾಲೆಯ ಗುಣಮಟ್ಟವೇ ಹೆಚ್ಚು ನಿರ್ಣಾಯಕವೆಂದೂ ಅದೇ ವರದಿ ಹೇಳಿತ್ತು. ಅದನ್ನು ಮರೆಮಾಚಲಾಗುತ್ತದೆ.

ನಮ್ಮ ಕರಾವಳಿಯನ್ನೇ ನೋಡೋಣ. ಬೀಡಿ ಸುತ್ತಿ ಸಂಸಾರ ಸಾಗಿಸುವ ಮನೆಗಳಲ್ಲಿ ಎಲೆ ಕತ್ತರಿಸಲು, ನೂಲು ಕಟ್ಟಲು ತಾಯಿಯ ಜೊತೆ ಕೂರುವವಳು ಶಾಲೆಗೆ ಹೋಗುವ ಮಗಳು. ಅವಳ ಸಂಜೆಯ ಓದು ಅಲ್ಲಿಗೆ ಮುಗಿಯುತ್ತದೆ. ಮನೆಮಾತು ಬ್ಯಾರಿ, ಪಾಠ ಕನ್ನಡದಲ್ಲಿ. ಆದರೂ ಏಳನೇ ತರಗತಿ ಕಲಿತ ತಾಯಿ ಕನ್ನಡ ಪುಸ್ತಕವನ್ನು ಓದಿ ಹೇಳಬಲ್ಲಳು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಂದಿನಿಂದ ಆ ನೆರವೂ ಕಡಿದುಹೋಗುತ್ತದೆ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆ ತನ್ನ ಮನೆಯ ಏಕೈಕ ಶಿಕ್ಷಕಿಯನ್ನೇ ನಿವೃತ್ತಿಗೊಳಿಸಿರುತ್ತಾನೆ! ಇಂಗ್ಲಿಷ್ ಬೇಡವೆಂದು ಇದರರ್ಥವಲ್ಲ. ಅದನ್ನು ಕಲಿಸುವ ಹೊಣೆ ಶಾಲೆಯದ್ದಾಗಬೇಕು.

ಹೋಂವರ್ಕಿನ ಕಥೆಯೂ ಇದೇ. ಅದು ಮನೆಯಲ್ಲಿ ವಿದ್ಯಾವಂತರಿದ್ದಾರೆಂದು ಭಾವಿಸಿ ನೀಡಲಾಗುವ ಕೆಲಸ. ಇರುವವರು ಮಾಡಿಸುತ್ತಾರೆ, ಹಣವುಳ್ಳವರು ಟ್ಯೂಷನ್‌ಗೆ ಕಳುಹಿಸುತ್ತಾರೆ, ಉಳಿದ ಮಗು ಬೆಳಿಗ್ಗೆ ಬೆಂಚಿನ ಮೇಲೆ ನಿಲ್ಲುತ್ತದೆ. ಇಲ್ಲಿ ಶಿಕ್ಷೆಗೊಳಗಾಗುವುದು ತಾಯಿಯ ಅನಕ್ಷರತೆಯೇ ಹೊರತು ಮಗುವಿನ ಸೋಮಾರಿತನವಲ್ಲ.

6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ತಿಳಿಸಿತ್ತು. ಆ ಮಕ್ಕಳಲ್ಲಿ ಅನೇಕರು ಇಂದು ತಂದೆ-ತಾಯಂದಿರು. ಅವರ ಮಕ್ಕಳ ಹೋಂವರ್ಕ್ ನೋಡುವವರಾರು? ಸರಕಾರವು ಶಾಲೆಗಳಲ್ಲೇ ಸಂಜೆಯ ಓದಿಗೆ ಶಿಕ್ಷಕರನ್ನು ನೇಮಿಸಲಿ. ಅಲ್ಲಿಯವರೆಗೆ ಜಮಾಅತ್‌ಗಳು ಕೈಕಟ್ಟಿ ಕೂರಬೇಕೇ? ಮಹಲ್ಲಿನ ಸಭಾಂಗಣದಲ್ಲಿ ಮಗ್ರಿಬ್‌ನ ಬಳಿಕ ಎರಡು ತಾಸು ದೀಪ ಉರಿಸಿ, ಪದವೀಧರ ಯುವತಿಯರಿಗೆ ಗೌರವಧನ ಕೊಟ್ಟು ಕೂರಿಸಬಹುದು. ಅದರ ವರ್ಷದ ಖರ್ಚು, ನಮ್ಮ ಒಂದು ಆಡಂಬರದ ಮದುವೆಯ ಊಟದ ಖರ್ಚನ್ನು ಮೀರಲಾರದು.